ಐದನೆಯ ಮಹಡಿಯ ಎಂಟು ಹಾಸಿಗೆಗಳು

ಸೆಪ್ಟೆಂಬರ್ 14

ಪ್ರೀತಿಯ ದೊಡ್ಡಕ್ಕ,

ನಿನ್ನ ಮೂರು ಕಾಗದಗಳೂ ಕೈ ಸೇರಿವೆ. ಮೂರಕ್ಕೂ ಉತ್ತರ ಬರೆಯದೆ ಕೂತವಳು ನಾನೇ. ಬೈಯುವುದಿದ್ದರೆ ಈಗಲೇ ಬಾಯಿತುಂಬ ಬೈದುಬಿಡು, ಆಮೇಲೆ ಮುಂದೆ ಓದು. ಫೋನಾದರೂ ಮಾಡೋಣವೆಂದರೆ ನಿನ್ನ ಕಿವಿಯನ್ನು ಆ ಒಗೆಯುವ ಯಂತ್ರಗಳು ಎಂದೋ ತಿಂದುಹಾಕಿವೆ. ನಾನು ಕೂಗಿದರೆ ನಮ್ಮ ಬೀದಿಗೆಲ್ಲ ಕೇಳಿಸುತ್ತದೆ, ನಿನಗೊಬ್ಬಳಿಗೆ ಕೇಳಿಸುವುದಿಲ್ಲ. ಮತ್ತೆ ಈ ಸಲ ಹೇಳಬೇಕಾದದ್ದು ಕೂಗಿ ಹೇಳುವಂಥದ್ದೂ ಅಲ್ಲ.

ಮೊದಲು, ನೀನು ರಿಟೈರಾಗಿ ತಮ್ಮನ ಮನೆಗೆ ಹೋದ ಮೇಲಿನ ನಮ್ಮ ಆಸ್ಪತ್ರೆ ಲಾಂಡ್ರಿಯ ಸುದ್ದಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿನಗೆ ಸಮಾಧಾನವಿರುವುದಿಲ್ಲ. ಬೆಡ್‌ಶೀಟು ಮಡಚುವ ಯಂತ್ರ ಬಂದಿದೆ. ಈ ಕಡೆಯಿಂದ ಹಾಕಿದರೆ ಆ ಕಡೆ ಇಟ್ಟಿಗೆಯ ಹಾಗೆ ಮಡಿಕೆಯಾಗಿ ಬೀಳುತ್ತದೆ. ನೀನು ಆ ತುದಿ, ನಾನು ಈ ತುದಿ ಹಿಡಿದು, ಮಡಚುತ್ತ ಹತ್ತಿರ ಬಂದಾಗಲೆಲ್ಲ ಒಂದೊಂದು ಗುಟ್ಟು ಹೇಳಿಕೊಳ್ಳುತ್ತಲೇ ಅಕ್ಕತಂಗಿಯರಾದೆವಲ್ಲ, ಯಂತ್ರಕ್ಕೆ ಅದೊಂದು ಬರುವುದಿಲ್ಲ. ಸೂಪರ್‌ವೈಸರಮ್ಮ ಅದರ ಮುಂದೆ ನಿಂತು ತಾನೇ ಹೆತ್ತ ಮಗುವೆಂಬಂತೆ ನೋಡುತ್ತಾಳೆ.

ಇನ್ನು ನನ್ನ ಮಗ, ನಮ್ಮ ಪಂಡಿತನ ಸುದ್ದಿ. ನೀನು ಪ್ರತಿ ಕಾಗದದಲ್ಲೂ ಕೇಳಿದ್ದೀಯ, ಅದಕ್ಕೇ ನಾನು ಉತ್ತರ ಬರೆಯಲಿಲ್ಲ. ಶಾಲೆ ಬಿಟ್ಟವನು ನೇರ ಲಾಂಡ್ರಿಗೆ ಬಂದು, ಒಣಗಿದ ಬಟ್ಟೆಯ ರಾಶಿಯ ಮೇಲೆ ಕೂತು, ಗೋಡೆಯ ನೋಟೀಸಿನಲ್ಲಿ ಕಾಗುಣಿತದ ತಪ್ಪು ಹುಡುಕುತ್ತಿದ್ದನಲ್ಲ, ಆಗ ಅವನಿಗೆ ಪಂಡಿತ ಎಂದು ಹೆಸರಿಟ್ಟವಳು ನೀನೇ. ಈಗ ವಿಶ್ವವಿದ್ಯಾಲಯದಲ್ಲಿ ಸಂಖ್ಯಾಶಾಸ್ತ್ರದ ಎರಡನೆಯ ವರ್ಷ. ಊರಿನ ಆ ತುದಿಯ ಹಾಸ್ಟೆಲಿನಲ್ಲಿದ್ದಾನೆ, ಶನಿವಾರ ಮನೆಗೆ ಬರುತ್ತಾನೆ.

ಹೋದ ವರ್ಷ ಓಡುವುದನ್ನು ಶುರುಮಾಡಿದ. ಬೆಳಿಗ್ಗೆ ಮೈದಾನಕ್ಕೆ ಐದು ಸುತ್ತು, ಸಂಜೆ ಐದು ಸುತ್ತು. ನಾವು ಖುಷಿಪಟ್ಟೆವು. ಆಮೇಲೆ ಸಿಹಿ ಬಿಟ್ಟ. ಎಣ್ಣೆ ಬಿಟ್ಟ. ಅನ್ನ ಬಿಟ್ಟ. ಮನೆಗೆ ಬಂದರೆ "ಹಾಸ್ಟೆಲಲ್ಲಿ ತಿಂದ್ಕೊಂಡೇ ಬಂದೆ ಅಮ್ಮ" ಅನ್ನುತ್ತಿದ್ದ. ಹಾಸ್ಟೆಲಿನಲ್ಲಿ "ಮನೇಲಿ ತಿಂದ್ಕೊಂಡೇ ಬಂದೆ" ಅನ್ನುತ್ತಿದ್ದನಂತೆ. ಎರಡು ಕಡೆಯವರೂ ನಂಬಿಕೊಂಡು ಕೂತಿದ್ದೆವು.

ಜುಲೈನಲ್ಲಿ ಅವನ ರೂಮಿನ ಜೊತೆಗಾರ ಫೋನು ಮಾಡಿದ. "ಆಂಟಿ, ನಾನು ಹೇಳ್ದೆ ಅಂತ ಅವನಿಗೆ ಹೇಳ್ಬೇಡಿ. ಮೆಟ್ಟಿಲು ಹತ್ತುವಾಗ ಮಧ್ಯದಲ್ಲೇ ಕೂತ್ಕೋತಾನೆ. ಓಡೋದು ಮಾತ್ರ ನಿಲ್ಲಿಸಿಲ್ಲ" ಅಂದ. ಆ ಶನಿವಾರ ಅವನು ಅಂಗಿ ಬದಲಿಸುತ್ತಿದ್ದಾಗ ಬೇಕೆಂದೇ ಬಾಗಿಲು ತೆಗೆದೆ. ಅವನ ಬೆನ್ನು ನೋಡಿದೆ ದೊಡ್ಡಕ್ಕ. ಅದರ ವರ್ಣನೆ ನಿನಗೆ ಬೇಡ. ಆಸ್ಪತ್ರೆಯಲ್ಲಿ ಇಪ್ಪತ್ತಾರು ವರ್ಷ ದುಡಿದವಳು ನಾನು. ಆದರೆ ನೋಡಿದ್ದೆಲ್ಲ ರೋಗಿಗಳ ಬಟ್ಟೆ, ರೋಗಿಗಳನ್ನಲ್ಲ.

ಅವನಪ್ಪನಿಗೆ ಹೇಳಿದೆ. ಇವರು ಬಸ್ಸಿನ ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದರು. "ಹಸಿವಾದ್ರೆ ತಾನೇ ತಿಂತಾನೆ ಬಿಡೆ. ಈ ವಯಸ್ಸಲ್ಲಿ ನಾನೂ ಹಂಚಿಕಡ್ಡಿ ಥರಾನೇ ಇದ್ದೆ" ಅಂದರು. ನಾನು ಬಿಡಲಿಲ್ಲ. ವಿಶ್ವವಿದ್ಯಾಲಯದ ದವಾಖಾನೆಗೆ ಕರೆದುಕೊಂಡು ಹೋದೆ. ಅಲ್ಲಿಯ ಡಾಕ್ಟರು ನಾಡಿ ಹಿಡಿದು, "ಇಷ್ಟು ನಿಧಾನ ಅಂದ್ರೆ ಓಟಗಾರನ ಹೃದಯ, ನೀವು ಹೆಮ್ಮೆಪಡ್ಬೇಕು" ಅಂದರು. ನಾನು ಹೆಮ್ಮೆಯನ್ನೂ ಪಟ್ಟೆ, ಏನು ಹೇಳಲಿ. ಶಕ್ತಿಗೊಂದು ಟಾನಿಕ್ ಬರೆದುಕೊಟ್ಟರು. ಆಮೇಲೆ ಕೌನ್ಸೆಲರ್ ಹತ್ತಿರ ಕಳಿಸಿದರು. ಆಕೆ ಒಳ್ಳೆಯವಳು, ಆದರೆ ಅಲ್ಲಿ ಒಬ್ಬರಿಗೆ ಆರು ಸಲ ಮಾತ್ರ. ಆರನೆಯ ಸಲ ಇವನು ಮೊದಲ ಬಾರಿಗೆ ಬಾಯಿ ಬಿಟ್ಟಿದ್ದನಂತೆ. ಏಳನೆಯ ಸಲಕ್ಕೆ ಬೇರೆಯವರ ಸರದಿ.

ಹೋದ ವಾರ ಅಲ್ಲಿಗೆ ಬದಲಿಯಾಗಿ ಬಂದಿದ್ದ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಇವನನ್ನು ಹತ್ತು ನಿಮಿಷ ನೋಡಿ ನನ್ನನ್ನು ಒಳಗೆ ಕರೆದಳು. "ಇದು ಊಟದ ಕಾಯಿಲೆ ಅಮ್ಮ. ಹಟ ಅಲ್ಲ, ಫ್ಯಾಷನ್ನೂ ಅಲ್ಲ. ಹುಡುಗರಿಗೂ ಬರುತ್ತೆ. ಇದಕ್ಕೇ ಅಂತ ಒಂದು ವಾರ್ಡಿದೆ, ಎಂಟು ಹಾಸಿಗೆ" ಎಂದು ಹೆಸರು ಹೇಳಿದಳು. ನಮ್ಮ ಆಸ್ಪತ್ರೆಯೇ! ಐದನೆಯ ಮಹಡಿ, ಅಂಚಿಗೆ ಹಸಿರು ದಾರದ ಗುರುತಿರುವ ಬಟ್ಟೆ ಬರುತ್ತಿತ್ತಲ್ಲ, ಅದು. ಅದನ್ನು ನಾವಿಬ್ಬರೂ ಹೊಟ್ಟೆನೋವಿನ ವಾರ್ಡು ಅಂದುಕೊಂಡಿದ್ದೆವು. "ಅಯ್ಯೋ, ಅಲ್ಲಿನ ಬಟ್ಟೆಯೆಲ್ಲ ನನ್ನ ಕೈಯಲ್ಲೇ ಹಾದುಹೋಗುತ್ತೆ ಕಣಮ್ಮ" ಎಂದು ಅವಳ ಮುಂದೆ ನಕ್ಕುಬಿಟ್ಟೆ. ಅವಳು ನಗಲಿಲ್ಲ. "ಚೀಟಿ ಕಳಿಸ್ತೀನಿ. ಸ್ವಲ್ಪ ಕಾಯ್ಬೇಕಾಗುತ್ತೆ" ಅಂದಳು.

ಕಾಯುತ್ತೇವೆ. ಮೇಲೆ ಐದು ಮಹಡಿಯಷ್ಟೇ ತಾನೇ. ನಿನ್ನ ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಬೆಡ್‌ಶೀಟಿನ ಈ ತುದಿಯಲ್ಲಿ ನಿಂತಿರುವ
ನಿನ್ನ ತಂಗಿ


ಡಿಸೆಂಬರ್ 2

ಪ್ರೀತಿಯ ದೊಡ್ಡಕ್ಕ,

ನೀನು ಕಳಿಸಿದ ಉಲ್ಲನ್ ಟೋಪಿ ಅವನಿಗೆ ಸರಿಯಾಗಿದೆ. ಈಗ ಅವನಿಗೆ ಸದಾ ಚಳಿ. ಲಾಂಡ್ರಿಗೆ ಬಂದು ಇಸ್ತ್ರಿ ಯಂತ್ರದ ಪಕ್ಕ ಬೆನ್ನು ಕೊಟ್ಟು ಕೂರುತ್ತಾನೆ. ಸೂಪರ್‌ವೈಸರಮ್ಮ ನೋಡಿಯೂ ನೋಡದ ಹಾಗೆ ಹೋಗುತ್ತಾಳೆ, ಅಷ್ಟರ ಮಟ್ಟಿಗೆ ಅವಳು ಒಳ್ಳೆಯವಳೇ.

ಐದನೆಯ ಮಹಡಿಯಿಂದ ಕರೆ ಬರಲು ಹನ್ನೊಂದು ವಾರ ಹಿಡಿಯಿತು. ಆ ಹನ್ನೊಂದು ವಾರವೂ ದಿನಾ ಅಲ್ಲಿಯ ಎಂಟು ಬೆಡ್‌ಶೀಟು ಒಗೆದು ಕಳಿಸಿದ್ದೇನೆ. ನಮ್ಮ ಪಂಡಿತ ಮಲಗುವ ಹಾಸಿಗೆಗೆ ಇದರಲ್ಲಿ ಯಾವುದು ಹೋಗುತ್ತದೋ ಅಂದುಕೊಂಡು ಎಂಟನ್ನೂ ಒಂದೊಂದಾಗಿ ಕೈಯಿಂದ ಸವರುತ್ತಿದ್ದೆ. ಯಂತ್ರ ಮಡಚಿದ್ದನ್ನು ಬಿಚ್ಚಿ ಮತ್ತೆ ಕೈಯಲ್ಲೇ ಮಡಚುತ್ತಿದ್ದೆ. ಹುಚ್ಚು ಅನ್ನು ಬೇಕಾದರೆ.

ಹೋದ ಗುರುವಾರ ಲಿಫ್ಟಿನಲ್ಲಿ ಅವನನ್ನು ಕರೆದುಕೊಂಡು ಹೋದೆ. ಏಪ್ರನ್ ಬಿಚ್ಚಿಟ್ಟು, ಒಳ್ಳೆಯ ಸೀರೆ ಉಟ್ಟುಕೊಂಡು ಹೋಗಿದ್ದೆ. ಅಲ್ಲಿಯ ದೊಡ್ಡ ಡಾಕ್ಟರಮ್ಮ ಎತ್ತರದ ಹೆಂಗಸು. ಮಾತು ಕಡಿಮೆ, ಆದರೆ ಕೇಳಿಸಿಕೊಳ್ಳುತ್ತಾಳೆ. ಅವನನ್ನು ತೂಗಿದರು, ರಕ್ತ ತೆಗೆದರು, ಒಂದು ಗಂಟೆ ಮಾತಾಡಿಸಿದರು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ. ಗಾಜಿನ ಬಾಗಿಲಿನಾಚೆ ಊಟದ ಮೇಜು ಕಾಣುತ್ತಿತ್ತು. ಆರೇಳು ಹುಡುಗಿಯರು ಕೂತಿದ್ದರು. ಒಬ್ಬ ಸಿಸ್ಟರ್ ಅವರ ಜೊತೆಯಲ್ಲೇ ಕೂತು ತಾನೂ ತಿನ್ನುತ್ತಿದ್ದಳು, ಯಾರಿಗೂ ಬೈಯುತ್ತಿರಲಿಲ್ಲ, ಆತುರಪಡಿಸುತ್ತಲೂ ಇರಲಿಲ್ಲ. ಒಬ್ಬಳು ಹುಡುಗಿ ಒಂದು ತುತ್ತು ನುಂಗಲು ಅಷ್ಟು ಹೊತ್ತು ಹೆಣಗಿದಳು. ನುಂಗಿದಾಗ ಪಕ್ಕದವಳು ಅವಳ ಕೈ ಒತ್ತಿದಳು. ನನ್ನ ಮಗನಿಗೆ ಬೇಕಾದದ್ದು ಇದೇ ಅಂತ ನನಗೆ ಆ ಕ್ಷಣದಲ್ಲೇ ಗೊತ್ತಾಯಿತು. ಮನೆಯಲ್ಲಿ ನಾವು ಏನು ಮಾಡುತ್ತಿದ್ದೆವು? ಒಬ್ಬರು ಬೇಡಿಕೊಳ್ಳುವುದು, ಇನ್ನೊಬ್ಬರು ತಟ್ಟೆ ಕುಕ್ಕುವುದು.

ಆಮೇಲೆ ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಕಾಯಿಲೆ ಇರುವುದು ನಿಜ. ಆದರೆ ವಾರ್ಡಿಗೆ ಸೇರಿಸಿಕೊಳ್ಳಲು ತೂಕದ ಒಂದು ಗೆರೆ ಇದೆ, ಅದರ ಕೆಳಗಿರುವವರಿಗೇ ಹಾಸಿಗೆ ಸಾಲುತ್ತಿಲ್ಲ. ಇವನು ಆ ಗೆರೆಗಿಂತ ಎರಡು ಕಿಲೋ ಮೇಲಿದ್ದಾನೆ. "ಹೊರರೋಗಿಯಾಗಿ ನೋಡ್ಬಹುದಿತ್ತು, ಆದ್ರೆ ಅದನ್ನ ನೋಡ್ತಿದ್ದ ಸಿಬ್ಬಂದಿ ಬಿಟ್ಟುಹೋಗಿ ಎಂಟು ತಿಂಗಳಾಯ್ತು. ನನಗೆ ಇದು ಸರಿ ಅನ್ಸಲ್ಲ ಅಮ್ಮ. ಗೆರೆ ಎಳೆದವಳು ನಾನಲ್ಲ" ಅಂದಳು.

"ಹಾಗಾದ್ರೆ ಇನ್ನೂ ಸೊರಗಿದ ಮೇಲೆ ಕರ್ಕೊಂಡು ಬರಬೇಕಾ?" ಎಂದು ಕೇಳಿದೆ.

ಆಕೆ ಪೆನ್ನಿನ ಮುಚ್ಚಳ ಹಾಕಿದಳು, ತೆಗೆದಳು.

ವಾಪಸು ಬರುವಾಗ ಇವರದೇ ಬಸ್ಸು ಸಿಕ್ಕಿತು. ಇವರು ಕನ್ನಡಿಯಲ್ಲಿ ನಮ್ಮ ಮುಖ ನೋಡಿ ಗಾಡಿ ಓಡಿಸಿದರು. ಪಂಡಿತ ಕಿಟಕಿಗೆ ಹಣೆ ಆನಿಸಿಕೊಂಡು ಕೂತಿದ್ದ. ನಮ್ಮ ಸ್ಟಾಪು ಹತ್ತಿರ ಬಂದಾಗ ಮೆಲ್ಲಗೆ, "ಅಮ್ಮ, ನಾನು ಇದರಲ್ಲೂ ಪಾಸಾಗ್ಲಿಲ್ಲ" ಅಂದ.

ನಾನು ತಮಾಷೆ ಅಂದುಕೊಂಡೆ. ತಮಾಷೆಯಲ್ಲ. ಅವತ್ತಿನಿಂದ ಅವನು ಆ ಎರಡು ಕಿಲೋ ಕಳೆದುಕೊಳ್ಳಲು ಓದಿಗೆ ಕೂತ ಹಾಗೆ ಕೂತಿದ್ದಾನೆ. ಅವನನ್ನು ಹೇಗೆ ತಡೆಯಲಿ? ತಡೆದರೆ ವಾರ್ಡು ಸಿಗುವುದಿಲ್ಲ. ತಡೆಯದಿದ್ದರೆ ಮಗ ಸಿಗುವುದಿಲ್ಲ. ನೀನೇ ಹೇಳು ದೊಡ್ಡಕ್ಕ, ಯಾವ ತಾಯಿಗಾದರೂ ಇಂಥ ಪ್ರಶ್ನೆಪತ್ರಿಕೆ ಬಂದಿದೆಯೇ?

ನಿನ್ನ ತಮ್ಮನ ಹೆಂಡತಿ ಈಗ ನಿನ್ನ ಜೊತೆ ಸರಿಯಾಗಿ ಮಾತಾಡುತ್ತಾಳೆಂದು ಬರೆದಿದ್ದೀಯ. ಓದಿ ಹಗುರವಾಯಿತು. ಒಂದು ಮನೆಯಲ್ಲಾದರೂ ಜನ ಒಟ್ಟಿಗೆ ಕೂತು ಉಣ್ಣುತ್ತಿದ್ದಾರಲ್ಲ.

ನಿನ್ನ ತಂಗಿ


ಫೆಬ್ರವರಿ 21

ದೊಡ್ಡಕ್ಕ,

ಇದು ಚಿಕ್ಕ ಕಾಗದ ಅಂದುಕೊಂಡು ಕೂತಿದ್ದೇನೆ, ಎಲ್ಲಿಗೆ ಮುಟ್ಟುತ್ತದೋ ನೋಡೋಣ. ತಡವಾಯಿತು, ಗೊತ್ತು. ನಿನ್ನ ಕಾಗದ ಏಪ್ರನ್ನಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿ, ಒಂದು ದಿನ ಏಪ್ರನ್ನಿನ ಜೊತೆ ಒಗೆದೂ ಬಿಟ್ಟೆ. ಎಷ್ಟು ಓದಲು ಬಂತೋ ಅಷ್ಟಕ್ಕೆ ಉತ್ತರ.

ಪಂಡಿತ ಪಾಸಾದ. ಜನವರಿಯಲ್ಲಿ ಮತ್ತೆ ತೂಗಿದರು. ಗೆರೆಯ ಕೆಳಗೆ ಚೆನ್ನಾಗಿಯೇ ಇಳಿದಿದ್ದ. ಪಟ್ಟಿಗೆ ಹೆಸರು ಸೇರಿಸಿದರು, ನಾಲ್ಕನೆಯವನು. ಆದರೆ ಅಲ್ಲಿಯೂ ಒಂದು ತೊಡಕಿದೆ. ಏಳು ಹಾಸಿಗೆ ಇರುವುದು ಹೆಂಗಸರ ಸಾಲಿನಲ್ಲಿ. ಗಂಡು ಮಗನನ್ನು ಅಲ್ಲಿ ಮಲಗಿಸುವ ಹಾಗಿಲ್ಲ. ಬಚ್ಚಲಿರುವ ಒಂಟಿ ಕೋಣೆ ಒಂದೇ ಒಂದು ಇದೆ, ಅದು ಖಾಲಿಯಾದರೆ ಮಾತ್ರ ಇವನ ಸರದಿ. ಈಗ ಅದರಲ್ಲಿರುವ ಹುಡುಗಿ ಬಂದು ಐದು ತಿಂಗಳಾಗಿದೆಯಂತೆ. ಅವಳು ಬೇಗ ಗುಣವಾಗಲಿ ಎಂದು ದಿನಾ ಬೇಡಿಕೊಳ್ಳುತ್ತೇನೆ. ಇದರಲ್ಲಿ ಅವಳ ಮೇಲಿನ ಪ್ರೀತಿ ಎಷ್ಟು ಅಂತ ಮಾತ್ರ ಕೇಳಬೇಡ.

ಇವರು ಈಗ ಪೂರ್ತಿ ಬದಲಾಗಿದ್ದಾರೆ. ಬಸ್ ಡಿಪೋದ ಸಾಹೇಬರ ಕೈಕಾಲು ಹಿಡಿದು ವಿಶ್ವವಿದ್ಯಾಲಯದ ಕಡೆಯ ರೂಟು ಹಾಕಿಸಿಕೊಂಡಿದ್ದಾರೆ. ಮಧ್ಯಾಹ್ನದ ಟ್ರಿಪ್ಪಿನಲ್ಲಿ ಕೊನೆಯ ಸ್ಟಾಪಿಗೆ ಹೋಗಿ ಇಪ್ಪತ್ತು ನಿಮಿಷ ಗಾಡಿ ನಿಲ್ಲುತ್ತದೆ. ಆ ಇಪ್ಪತ್ತು ನಿಮಿಷ ಅಪ್ಪ ಮಗ ಖಾಲಿ ಬಸ್ಸಿನಲ್ಲಿ ಕೂತು ಒಂದೇ ಡಬ್ಬಿಯಲ್ಲಿ ಊಟ ಮಾಡುತ್ತಾರೆ. ಮಾಡುತ್ತಾರೆ ಅಂದರೆ, ಇವರು ಮಾಡುತ್ತಾರೆ. ಅವನು ಒಂದು ಮೊಟ್ಟೆಯ ಬಿಳಿಭಾಗವನ್ನು ಹದಿನಾರು ಚೂರು ಮಾಡುತ್ತಾನಂತೆ. ಇವರು ಎಂದೂ ಇಷ್ಟು ಮೃದುವಾಗಿ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನೀವು ಮದುವೆಯಾದ ಹೊಸತರಲ್ಲಿ ನನ್ನ ಹತ್ತಿರ ಹೀಗೆ ಮಾತಾಡ್ಬಾರದಿತ್ತಾ" ಅಂದೆ. ಒಂದು ಕ್ಷಣ ಇಬ್ಬರೂ ನಕ್ಕೆವು.

ಈಗ ನಿನಗೆ ಒಂದು ವಿಷಯ ಹೇಳಬೇಕು. ಫೆಬ್ರವರಿ ಒಂಬತ್ತು, ಬೆಳಗಿನ ಟ್ರಾಲಿ. ಹಸಿರು ದಾರದವು ಎಣಿಸಿದೆ, ಏಳು. ಮತ್ತೆ ಎಣಿಸಿದೆ, ಏಳೇ. ಅಷ್ಟು ವರ್ಷದಲ್ಲಿ ಎಂದೂ ಏಳು ಬಂದಿರಲಿಲ್ಲ, ಒಬ್ಬರು ಹೋದ ದಿನವೇ ಇನ್ನೊಬ್ಬರು ಬರುತ್ತಿದ್ದರು. ಒಂದು ಹಾಸಿಗೆ ಖಾಲಿ! ನನಗೆ ಎಷ್ಟು ಸಂತೋಷವಾಯಿತೆಂದರೆ, ಲಿಫ್ಟಿಗೂ ಕಾಯದೆ ಐದು ಮಹಡಿ ಹತ್ತಿದೆ. ಒದ್ದೆ ಕೈಯಲ್ಲೇ ಗಾಜಿನ ಬಾಗಿಲು ಬಡಿದೆ.

ವಾರ್ಡಿನ ಆಯಾ ಬಾಗಿಲು ತೆರೆದಳು. "ಯಾರು ಮನೆಗೆ ಹೋದ್ರು? ಒಂಟಿ ಕೋಣೆಯವಳಾ?" ಅಂತ ಏದುಸಿರು ಬಿಡುತ್ತ ಕೇಳಿದೆ. ನನ್ನ ಮುಖದಲ್ಲಿ ನಗು ಇತ್ತು ದೊಡ್ಡಕ್ಕ, ನನಗೆ ಗೊತ್ತು, ಇತ್ತು.

"ಮನೆಗೆ ಹೋಗ್ಲಿಲ್ಲ ಕಣೇ. ಕಿಟಕಿ ಹತ್ತಿರದ ಹಾಸಿಗೆಯವಳು. ನಿನ್ನೆ ಸಂಜೆ ಹೃದಯ ನಿಂತುಹೋಯ್ತು" ಅಂದಳು ಆಯಾ. ಅವಳ ಹಿಂದೆ, ಕಾರಿಡಾರಿನಲ್ಲಿ, ಒಬ್ಬ ಹೆಂಗಸು ನೆಲದ ಮೇಲೆ ಕೂತು ಒಂದು ಜೊತೆ ಚಪ್ಪಲಿಯನ್ನು ಚೀಲಕ್ಕೆ ಹಾಕುತ್ತಿದ್ದಳು. ಹಾಕುತ್ತಾಳೆ, ಹೊರಗೆ ತೆಗೆಯುತ್ತಾಳೆ. ತೀರಿಕೊಂಡವಳು ಅದೇ ಹುಡುಗಿ, ಮೇಜಿನ ಬಳಿ ಒಂದು ತುತ್ತಿಗೆ ಹೆಣಗಿದ್ದವಳು. ಕಾನೂನು ಓದುತ್ತಿದ್ದಳಂತೆ, ಕೊನೆಯ ವರ್ಷ.

ಆ ಹಾಸಿಗೆ ಹೆಂಗಸರ ಸಾಲಿನದು, ನಮಗೆ ಹೇಗೂ ಸಿಗುತ್ತಿರಲಿಲ್ಲ. ನಾನು ನಗುತ್ತ ಮೆಟ್ಟಿಲು ಹತ್ತಿದ್ದು ದಂಡವಾಯಿತು ಎಂದು ಹೇಳುವುದಕ್ಕೂ ನಾಚಿಕೆಯಾಗುತ್ತದೆ. ಮರುದಿನ ಮತ್ತೆ ಎಂಟು ಬಂದವು.

ಪಂಡಿತನಿಗೆ ಇದನ್ನು ಹೇಳಿಲ್ಲ. ನೀನೂ ಅವನಿಗೆ ಬರೆಯುವಾಗ ಎತ್ತಬೇಡ. ನಿನ್ನ ಕಾಗದಗಳನ್ನು ಅವನು ಪುಸ್ತಕದೊಳಗೆ ಇಟ್ಟುಕೊಂಡಿದ್ದಾನೆ. ಉತ್ತರ ಬರೆಯಲು ಕೈ ನಡುಗುತ್ತದೆ, ಅಕ್ಷರ ಕೆಟ್ಟದಾಗಿ ಬರುತ್ತದೆ ಅನ್ನುತ್ತಾನೆ. ಪಂಡಿತನಲ್ಲವೇ, ಕೆಟ್ಟ ಅಕ್ಷರದಲ್ಲಿ ಬರೆಯಲು ಅವನಿಗೆ ಅವಮಾನ.

ನಿನ್ನ ತಂಗಿ


ಜೂನ್ 8

ಪ್ರೀತಿಯ ದೊಡ್ಡಕ್ಕ,

ಮೂರೂವರೆ ತಿಂಗಳು. ಈ ಸಲ ಕ್ಷಮೆ ಕೇಳುವ ಮುಖವೂ ನನಗಿಲ್ಲ. ನಿನ್ನ ಮಂಡಿಗೆ ಕೊನೆಗೂ ಆಪರೇಷನ್ ಆಯಿತೆಂದು ತಿಳಿಯಿತು. ಕೋಲು ಹಿಡಿದು ಬಾಗಿಲವರೆಗೆ ನಡೆದೆ ಎಂದು ನಿನ್ನ ತಮ್ಮ ಬರೆದಿದ್ದಾರೆ. ಅದನ್ನು ಎರಡು ಸಲ ಓದಿದೆ. ಯಾರೋ ಒಬ್ಬರಿಗೆ ಗುಣವಾಗುತ್ತಿದೆ ಎಂಬ ಸುದ್ದಿ ಈ ಮನೆಗೆ ಬಂದು ಬಹಳ ದಿನವಾಗಿತ್ತು.

ಮೇ ಹದಿನೇಳರಂದು ಪಂಡಿತ ಪರೀಕ್ಷಾ ಹಾಲಿನಲ್ಲಿ ಬಿದ್ದ. ಮೂರನೆಯ ಪ್ರಶ್ನೆಯವರೆಗೆ ಬರೆದಿದ್ದನಂತೆ. ಮೇಜಿನ ಮೇಲೆ ತಲೆ ಇಟ್ಟ, ನಿದ್ದೆ ಮಾಡುತ್ತಿದ್ದಾನೆಂದು ಮೇಷ್ಟ್ರು ಹೋಗಿ ತಟ್ಟಿದರೆ ಕೆಳಗೆ ಜಾರಿದ. ಆಂಬ್ಯುಲೆನ್ಸ್ ತಂದದ್ದು ನಮ್ಮ ಆಸ್ಪತ್ರೆಗೇ. ತುರ್ತು ವಿಭಾಗದ ಹುಡುಗಿ ನನ್ನನ್ನು ಗುರುತಿಸಿ ಲಾಂಡ್ರಿಗೆ ಓಡಿಬಂದಳು. ನಾನು ಹೋಗುವಷ್ಟರಲ್ಲಿ ಎದೆ ಒತ್ತಿ, ಕರೆಂಟು ಕೊಟ್ಟು, ಹೃದಯವನ್ನು ಮತ್ತೆ ಹೊಡೆದುಕೊಳ್ಳುವ ಹಾಗೆ ಮಾಡಿದ್ದರು.

ಒಂಬತ್ತು ದಿನ ತೀವ್ರ ನಿಗಾದಲ್ಲಿ. ಈಗ ಎರಡನೆಯ ಮಹಡಿಯ ಜನರಲ್ ವಾರ್ಡಿನಲ್ಲಿ ಹದಿಮೂರನೆಯ ದಿನ. ಮೂಗಿನಿಂದ ಒಂದು ನಳಿಕೆ ಹಾಕಿ ಹಾಲಿನಂಥದ್ದೇನನ್ನೋ ಇಳಿಸುತ್ತಾರೆ. ಆ ವಾರ್ಡಿನಲ್ಲಿ ಕಾಲು ಮುರಿದವರು, ಸಕ್ಕರೆ ಕಾಯಿಲೆಯವರು, ಜ್ವರದವರು. ಸಿಸ್ಟರುಗಳಿಗೆ ಇವನ ಕಾಯಿಲೆ ಅರ್ಥವಾಗುವುದಿಲ್ಲ, ಅವರಿಗೆ ಕಲಿಸಿದವರೂ ಇಲ್ಲ. "ಇಷ್ಟು ಓದಿದ್ದೀಯ, ತಿನ್ನೋಕೇನು ಕಷ್ಟ? ನಿಮ್ಮಮ್ಮನ ಮುಖ ನೋಡಾದ್ರೂ ತಿನ್ನೋ" ಅನ್ನುತ್ತಾಳೆ ಒಬ್ಬಳು. ಪಕ್ಕದ ಹಾಸಿಗೆಯ ಮುದುಕರು ತಮ್ಮ ಸೇಬನ್ನು ಇವನಿಗೆ ತೋರಿಸಿ ಆಸೆ ಹುಟ್ಟಿಸಲು ನೋಡುತ್ತಾರೆ. ಎಲ್ಲರೂ ಒಳ್ಳೆಯವರೇ. ಒಂದು ದಿನ ನಳಿಕೆಯನ್ನು ತಾನೇ ಎಳೆದುಹಾಕಿದ. ಆಮೇಲೆ ಕೈಗೆ ಬಟ್ಟೆ ಸುತ್ತಿ ಕಟ್ಟಿದರು. ಕಟ್ಟಿದ ಆ ಬಟ್ಟೆ ನಮ್ಮ ಲಾಂಡ್ರಿಯದೇ.

ಡಾಕ್ಟರು ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ಹೃದಯದ ಸ್ನಾಯು ತೆಳ್ಳಗಾಗಿದೆ. ಎಷ್ಟು ಹೊತ್ತು ಮೆದುಳಿಗೆ ರಕ್ತ ಹೋಗಲಿಲ್ಲವೋ ಅವರಿಗೂ ಖಚಿತವಿಲ್ಲ. ಇವನಿಗೆ ನಮ್ಮ ಗುರುತಿದೆ, ಮಾತಿದೆ. ಆದರೆ ಸಂಖ್ಯೆಗಳು ಹೋಗಿಬಿಟ್ಟಿವೆ. ಮೊನ್ನೆ ಇವರು, "ಎಷ್ಟು ಬೆರಳು ಹೇಳು ನೋಡೋಣ" ಅಂತ ಸುಮ್ಮನೆ ಆಟಕ್ಕೆ ನಾಲ್ಕು ಬೆರಳು ಹಿಡಿದರು. ಅವನು ಬಹಳ ಹೊತ್ತು ನೋಡಿದ. ಆಮೇಲೆ ಗೋಡೆಯ ಕಡೆ ಮುಖ ತಿರುಗಿಸಿಕೊಂಡ. ಇವರು ಕೈಯನ್ನು ಹಾಗೆಯೇ ಹಿಡಿದುಕೊಂಡು ಹೊರಗೆ ಬಂದರು. ಬೆರಳು ಮಡಚುವುದನ್ನೂ ಮರೆತಿದ್ದರು.

ಐದನೆಯ ಮಹಡಿ ಈಗ ಇಲ್ಲ. ದೊಡ್ಡ ಡಾಕ್ಟರಮ್ಮ ಮೇ ತಿಂಗಳ ಮೊದಲಲ್ಲಿ ಕೆಲಸ ಬಿಟ್ಟಳು. ಅವಳ ಜಾಗಕ್ಕೆ ಜಾಹೀರಾತು ಕೊಟ್ಟಿದ್ದಾರಂತೆ, ಯಾರೂ ಬಂದಿಲ್ಲ. ಇದ್ದ ಹುಡುಗಿಯರನ್ನು ಒಬ್ಬೊಬ್ಬರಾಗಿ ಮನೆಗೆ ಕಳಿಸಿದರು. ಈಗ ಅಲ್ಲಿ ಕಣ್ಣಿನ ಆಪರೇಷನ್ ಆದವರನ್ನು ಮಲಗಿಸುತ್ತಾರೆ. ಇಂಥದೇ ಇನ್ನೊಂದು ವಾರ್ಡು ರೈಲಿನಲ್ಲಿ ಹದಿನಾಲ್ಕು ಗಂಟೆಯ ದೂರದಲ್ಲಿದೆ. ಅಲ್ಲಿಗೆ ಕಾಗದ ಬರೆದರೆ, ಹೃದಯ ಇಷ್ಟು ಕೆಟ್ಟವರನ್ನು ತೆಗೆದುಕೊಳ್ಳುವ ಸೌಲಭ್ಯ ನಮ್ಮಲ್ಲಿಲ್ಲ ಎಂದು ಉತ್ತರ ಬಂತು. ಮೊದಲು ಸಾಕಷ್ಟು ಕೆಟ್ಟಿರಲಿಲ್ಲ, ಈಗ ಬೇಕಾದ್ದಕ್ಕಿಂತ ಹೆಚ್ಚು ಕೆಟ್ಟಿದ್ದಾನೆ. ನಡುವೆ ಸರಿಯಾಗಿದ್ದ ದಿನ ಯಾವುದಿತ್ತೋ, ಆ ದಿನ ಒಂಟಿ ಕೋಣೆ ಖಾಲಿಯಿರಲಿಲ್ಲ. ನಮ್ಮ ಸರದಿ ಬರಲೇ ಇಲ್ಲ.

ವಿಶ್ವವಿದ್ಯಾಲಯದಿಂದ ಒಂದು ಕಾಗದ ಬಂದಿದೆ, ಹಾಜರಾತಿ ಸಾಲದ್ದರಿಂದ ಹೆಸರು ತೆಗೆದಿದ್ದಾರೆ. ರೂಮಿನ ಜೊತೆಗಾರ ಅವನ ಪುಸ್ತಕಗಳನ್ನೆಲ್ಲ ತಂದುಕೊಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಅತ್ತ. ಇವರು ದಿನಾ ಆಸ್ಪತ್ರೆಯ ಸಾಹೇಬರ ಮುಂದೆ ಹೋಗಿ ಕೂಗಾಡುತ್ತಾರೆ. "ನನ್ನ ಮಗನಿಗೆ ಒಂದು ಕೋಣೆ ಕೊಡೋಕಾಗ್ಲಿಲ್ಲ ನಿಮಗೆ, ಒಂದೇ ಒಂದು ಕೋಣೆ!" ಅಂತ. ಅವರು ಪಾಪ ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಾರೆ. ನಾನು ಪಕ್ಕದಲ್ಲಿ ನಿಂತಿರುತ್ತೇನೆ.

ನೀನು ಬರುತ್ತೇನೆಂದು ಬರೆದಿದ್ದೀಯ. ಬೇಡ ದೊಡ್ಡಕ್ಕ, ಹೊಸ ಮಂಡಿ, ಅಷ್ಟು ದೂರದ ಪ್ರಯಾಣ. ನೀನು ಚೆನ್ನಾಗಿರು. ನಿನ್ನ ಕಾಲು ನಿನ್ನ ಮಾತು ಕೇಳಲಿ, ಊಟ ರುಚಿಸಲಿ, ನಿದ್ದೆ ಬರಲಿ. ನಿನ್ನ ತಮ್ಮನ ಮನೆಯಲ್ಲಿ ಎಲ್ಲರೂ ತುಂಬಿದ ತಟ್ಟೆಯ ಮುಂದೆ ಜಗಳವಾಡಿಕೊಂಡಾದರೂ ಕೂತಿರಲಿ.

ನಿನ್ನ ತಂಗಿ

ತಾ.ಕ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಚ್ಚಿದ್ದೇನೆ. ಸರದಿ ಬರಲೇ ಇಲ್ಲ ಎಂದು ಮೇಲೆ ಬರೆದೆನಲ್ಲ, ಅದು ಸುಳ್ಳು. ಇವರಿಗೂ ಅದೇ ಸುಳ್ಳು ಹೇಳಿದ್ದೇನೆ.

ಏಪ್ರಿಲ್ ಹನ್ನೊಂದಕ್ಕೆ ಒಂಟಿ ಕೋಣೆ ಖಾಲಿಯಾಯಿತು. ಡಾಕ್ಟರಮ್ಮ ತಾನೇ ಲಾಂಡ್ರಿಗೆ ಇಳಿದು ಬಂದಳು. ಪಂಡಿತನಿಗೆ ಫೋನು ಮಾಡಿದ್ದಳಂತೆ, ಅವನು ಒಲ್ಲೆ ಅಂದಿದ್ದ. ಇಪ್ಪತ್ತು ತುಂಬಿದವನು, ಸಹಿ ಅವನದೇ ಬೇಕು. ಅವನು ಒಪ್ಪದಿದ್ದರೆ ಇಬ್ಬರು ಡಾಕ್ಟರರೂ ಮನೆಯವರಲ್ಲಿ ಒಬ್ಬರೂ ಸಹಿ ಮಾಡಿದರೆ ಸೇರಿಸಬಹುದು. "ಇಬ್ಬರು ಡಾಕ್ಟರ ಸಹಿ ಆಗಿದೆ. ನಾಲ್ಕು ಗಂಟೆವರೆಗೆ ಕೋಣೆ ಹಿಡಿದಿಟ್ಕೋತೀನಿ ಅಮ್ಮ, ಆಮೇಲೆ ನನ್ನ ಕೈಲಿಲ್ಲ" ಎಂದು ಕಾಗದವನ್ನು ನನ್ನ ಇಸ್ತ್ರಿ ಮೇಜಿನ ಮೇಲಿಟ್ಟು ಹೋದಳು.

ಒಂದು ಗಂಟೆಗೆ ಅವನು ಓಡಿಬಂದ. ಬಟ್ಟೆಯ ಬುಟ್ಟಿಗಳ ನಡುವೆ ನನ್ನ ಎರಡೂ ಕೈ ಹಿಡಿದುಕೊಂಡ. "ಅಮ್ಮ, ಪರೀಕ್ಷೆ ಒಂದು ಮುಗೀಲಿ. ನಾನು ತಿಂತೀನಿ, ನಿನ್ನ ಕಣ್ಣ ಮುಂದೇನೇ ತಿಂತೀನಿ. ನೀನು ಆ ಕಾಗದಕ್ಕೆ ಸಹಿ ಹಾಕಿದ್ರೆ ಮಾತ್ರ ಈ ಜನ್ಮದಲ್ಲಿ ನಿನ್ನನ್ನ ಅಮ್ಮ ಅನ್ನಲ್ಲ" ಅಂದ. ನನ್ನ ಡಬ್ಬಿ ಬಿಚ್ಚಿ ಕೊಟ್ಟೆ, ಎರಡು ಚೂರು ಬ್ರೆಡ್ಡು, ಒಂದು ಬಾಳೆಹಣ್ಣು. ಕಚ್ಚಿದ. ಅಗಿದ. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಆದರೂ ಅಗಿದ. ಯಂತ್ರ ನಿಂತ ಸದ್ದಾಗಿ ನಾನು ಆ ಕಡೆ ಹೋಗಿ ಬರುವಷ್ಟರಲ್ಲಿ ಡಬ್ಬಿ ಖಾಲಿ. ನನ್ನ ಕೆನ್ನೆಗೆ ಮುತ್ತು ಕೊಟ್ಟು ಹೋದ. ಹತ್ತು ವರ್ಷದಿಂದ ಕೊಟ್ಟಿರಲಿಲ್ಲ. ನಾನು ಮೇಲೆ ಹೋಗಿ, "ಇವತ್ತು ತಿಂದ ಡಾಕ್ಟರಮ್ಮ, ನಾನೇ ನೋಡಿದೆ. ಸಹಿ ಬೇಡ" ಅಂದೆ. ಆಕೆ, "ನಾಲ್ಕರವರೆಗೆ ಯೋಚನೆ ಮಾಡಿ" ಅಂದಳು.

ಮೂರು ಗಂಟೆಗೆ ಕೊಳೆಬಟ್ಟೆ ಬೇರೆಮಾಡುತ್ತಿದ್ದಾಗ ಒಂದು ದಿಂಬಿನ ಕವರು ಕೈಗೆ ಭಾರವಾಗಿ ಸಿಕ್ಕಿತು. ಒಳಗೆ ಎರಡು ಚೂರು ಬ್ರೆಡ್ಡು, ಅಂಚು ಮಾತ್ರ ಕಚ್ಚಿದ್ದು. ಸುಲಿದ ಬಾಳೆಹಣ್ಣು. ಅಗಿದು ಉಗಿದ ಒಂದು ಮುದ್ದೆ.

ಇನ್ನೂ ಒಂದು ಗಂಟೆಯಿತ್ತು ದೊಡ್ಡಕ್ಕ. ಕಾಗದ ಮೇಜಿನ ಮೇಲೆಯೇ ಇತ್ತು, ಪೆನ್ನೂ ಇತ್ತು. ಯಾರೂ ನನ್ನನ್ನು ನೋಡುತ್ತಿರಲಿಲ್ಲ. ಅವನು ನನ್ನನ್ನು ಅಮ್ಮ ಅನ್ನದೆ ಹೋದರೆ ಎಂಬುದೊಂದೇ ನನ್ನ ತಲೆಯಲ್ಲಿದ್ದದ್ದು. ದಿಂಬಿನ ಕವರನ್ನು ಕೊಡವಿ, ಯಂತ್ರಕ್ಕೆ ಹಾಕಿ, ಗುಂಡಿ ಒತ್ತಿದೆ. ಅದು ತಿರುಗಿ ನಿಲ್ಲುವವರೆಗೆ ಅಲ್ಲೇ ನಿಂತಿದ್ದೆ. ನಿಂತಾಗ ನಾಲ್ಕೂ ಹತ್ತಾಗಿತ್ತು.